ಮೊಗ್ಗಿಗೆ ಹುಳು ಬಿದ್ದಾಗ

ಉಕ್ಕಡಂನಲ್ಲಿ ಬಸ್ಸಿಗೆ ಕಾಯುತ್ತ ಒಂದು ಮೊಳ ಮಲ್ಲಿಗೆ ಕೊಂಡವರು ಅದನ್ನು ತೊಳೆದು ಮುಡಿಯುವುದಿಲ್ಲ. ಸತ್ಯಮಂಗಲದ ಕಡೆ ನಸುಕಿನಲ್ಲೇ ಮೊಗ್ಗು ಬಿಡಿಸುವ ಅಕ್ಕತಂಗಿಯರದೂ ಬರಿಗೈ. ಮೊಗ್ಗು ತುಂಬಿದ ಗಿಡಕ್ಕೆ ಘಾಟು ಔಷಧಿ ಹೊಡೆದರೆ ಅದು ಹೋಗುವುದು ಈ ಕೈಗಳಿಗೆ, ಆ ಮುಡಿಗೆ.

ಮೊಗ್ಗು ಕೊರೆಯುವ ಹುಳು ಪಕ್ಕದ ಮೊಗ್ಗುಗಳನ್ನೂ ನೂಲಿನಿಂದ ಹೆಣೆದು ಒಳಗೇ ತಿನ್ನುತ್ತದೆ. ಅಂಥವನ್ನು ಕಿತ್ತು ಸುಡಿ, ಗಿಡದ ಬುಡಕ್ಕೆ ಎಸೆಯಬೇಡಿ. ಮತ್ತೆ ಬೇವು. ತಮಿಳಿನಲ್ಲಿ ವೇಪ್ಪಂಕೊಟ್ಟೈ ಎನ್ನುತ್ತೇವಲ್ಲ, ಅದರ ತಿರುಳು ಅರ್ಧ ಕಿಲೋ ಕುಟ್ಟಿ, ರಾತ್ರಿ ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ 10 ಲೀಟರ್ ಮಾಡಿ. ಎಲೆಗೆ ಅಂಟಲು ಚೂರು ಸೋಪು ಕರಗಿಸಿ. ಮೊಗ್ಗು ಬಿಡಿಸಿಯಾದ ಮೇಲೆ, ಜೇನ್ನೊಣ ಗೂಡು ಸೇರಿದ ಸಂಜೆಯಲ್ಲಿ ಸಿಂಪಡಿಸಿ. ಕಷಾಯ ಅಂದೇ ಮುಗಿಸಿ. ಇಟ್ಟರೆ ಬಲ ಇಳಿಯುತ್ತದೆ.