ಹಳೆಯ ಜಾವಾ ಮತ್ತು ಕಾರ್ಬ್ಯುರೇಟರಿನ ಕಾಟ

(ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಊರಿನಲ್ಲಿ ತಂದೆಯವರೋ ಚಿಕ್ಕಪ್ಪನವರೋ ಓಡಿಸುತ್ತಿದ್ದ ಜಾವಾ ಗಾಡಿಯನ್ನು ರೈಲಿಗೆ ಪಾರ್ಸೆಲ್ ಹಾಕಿಸಿ ಕಾಚಿಗೂಡದಲ್ಲಿ ಇಳಿಸಿಕೊಂಡವರು ನಮ್ಮಲ್ಲಿ ಉಂಟು. ಗಾಡಿ ನಮ್ಮ ನಾಡಿನದೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ತಯಾರಿಕೆ ಆರಂಭಿಸಿ, 1973ರಿಂದ ಯೆಜ್ದಿ ಎಂಬ ಹೆಸರಿಟ್ಟು, 1996ರಲ್ಲಿ ಮುಚ್ಚಿತು. ಕಾರ್ಖಾನೆ ಮುಚ್ಚಿದರೂ ಗಾಡಿಗಳು ಓಡುತ್ತಿವೆ. ನಿಂತಾಗ ಮಾತ್ರ ಮೊದಲ ದೂರು ಕಾರ್ಬ್ಯುರೇಟರಿನ ಮೇಲೆ. ವಿಚಾರಿಸದೆ ಹೊಸದು ಹಾಕಿಸಿ ಸಂಬಳದ ಹಣ ಕಳೆದುಕೊಳ್ಳುವುದಕ್ಕೆ ಮುನ್ನ ನೋಡಬೇಕಾದುದನ್ನು ನಾವು ಕ್ರಮವಾಗಿ ಹೇಳುತ್ತೇವೆ.

ಗಾಳಿಗೆ ಪೆಟ್ರೋಲನ್ನು ಹದವಾಗಿ ಬೆರೆಸುವುದಷ್ಟೇ ಕಾರ್ಬ್ಯುರೇಟರಿನ ಕೆಲಸ. ಆದುದರಿಂದ ಮೊದಲು ಪ್ಲಗ್ ಬಿಚ್ಚಿ ನೋಡಿರಿ. ಕಿಡಿಯೇ ಬಾರದಿದ್ದರೆ ಕಾರ್ಬ್ಯುರೇಟರ್ ನಿರಪರಾಧಿ. ಕಿಡಿಯಿದ್ದು, ಹತ್ತು ಸಲ ಕಿಕ್ ಹೊಡೆದರೂ ಪ್ಲಗ್ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ, ನಲ್ಲಿಯ ಜಾಲರಿ, ಕೊಳವೆ, ಕೊನೆಗೆ ಜೆಟ್—ಇದು ಹುಡುಕುವ ಕ್ರಮ. ರೈಲಿಗೆ ಹಾಕುವಾಗ ಟ್ಯಾಂಕ್ ಬರಿದು ಮಾಡಿರುತ್ತಾರೆ. ತಿಂಗಳುಗಟ್ಟಲೆ ಬರಿದಾಗಿ ನಿಂತ ಟ್ಯಾಂಕಿನ ತುಕ್ಕು ಪುಡಿಯಾಗಿ ಕೆಳಗಿಳಿಯುತ್ತದೆ.

ಪೆಟ್ರೋಲ್ ತುಂಬಿ ಸೋರುತ್ತಿದ್ದರೆ ಫ್ಲೋಟಿನ ಸೂಜಿಯಡಿ ಕಸ ಕೂತಿದೆ, ಇಲ್ಲವೇ ಫ್ಲೋಟ್ ತೂತಾಗಿದೆ. ಟೊಳ್ಳು ಫ್ಲೋಟನ್ನು ಕಿವಿಯ ಬಳಿ ಅಲುಗಿಸಿದರೆ, ಒಳಗೆ ಪೆಟ್ರೋಲ್ ಕುಲುಕುವುದು ಕೇಳಿಸುತ್ತದೆ. ಓಡುವಾಗ ಸರಿಯಿದ್ದು ನಿಂತಲ್ಲಿ ಆರಿಹೋದರೆ ಸಣ್ಣ ಜೆಟ್ ಕಟ್ಟಿದೆ. ಅದನ್ನು ಗುಂಡುಸೂಜಿಯಿಂದ ಚುಚ್ಚಬೇಡಿರಿ. ಹಿತ್ತಾಳೆಯ ರಂಧ್ರ ಅಗಲವಾದರೆ ಹದ ಕೆಟ್ಟಿತು. ಪೆಟ್ರೋಲಿನಲ್ಲಿ ತೊಳೆದು ಪಂಪಿನಿಂದ ಗಾಳಿ ಊದಿರಿ. ಸ್ಕ್ರೂ ಬಿಚ್ಚುವ ಮೊದಲು, ಪೂರ್ತಿ ಬಿಗಿಯಾಗಲು ಎಷ್ಟು ಸುತ್ತು ಬೇಕೆಂದು ಎಣಿಸಿ ಬರೆದಿಡಿರಿ. ಈ ಕೆಲಸ ಬಯಲಿನಲ್ಲಿ ಆಗಬೇಕು, ಬೀಡಿ ದೂರವಿರಲಿ.

ಇನ್ನು ಮುಖ್ಯ ಮಾತು. ಓಡಿಸಿದ ಮೇಲೆ ಪ್ಲಗ್ಗಿನ ತುದಿ ಕಾಫಿಪುಡಿಯ ಬಣ್ಣವಿದ್ದರೆ ಹದ ಸರಿ. ಕಪ್ಪು ಮಸಿಯಿದ್ದರೆ ಪೆಟ್ರೋಲ್ ಇಲ್ಲವೇ ಆಯಿಲ್ ಹೆಚ್ಚು. ಬಿಳುಚಿಕೊಂಡಿದ್ದರೆ ಪೆಟ್ರೋಲ್ ಕಡಿಮೆ, ಇಲ್ಲವೇ ಜೋಡಣೆಯ ಸಂದಿನಿಂದ ಗಾಳಿ ನುಗ್ಗುತ್ತಿದೆ. ಇದನ್ನು ಅಲಕ್ಷಿಸಬಾರದು. ಜಾವಾಗೆ ಆಯಿಲ್ ಪೆಟ್ರೋಲಿನೊಡನೆಯೇ ಬರುವುದರಿಂದ, ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆಯಾಗಿ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಓಡುತ್ತಿರುವಾಗ ಹಾಗಾದರೆ ಹಿಂದಿನ ಚಕ್ರ ತಟಕ್ಕನೆ ನಿಂತು ಸವಾರ ಬೀಳುತ್ತಾನೆ. ಆಗ ಹೋಗುವುದು ಹಣ ಮಾತ್ರವಲ್ಲ.

2023ರಿಂದ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್ ಬಂದಿದೆ. ಎಥೆನಾಲ್ ತೇವ ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ, ಹದವನ್ನೂ ತೆಳುಮಾಡುತ್ತದೆ. ರಜೆಗೆ ಊರಿಗೆ ಹೊರಡುವಾಗ ನಲ್ಲಿ ಮುಚ್ಚಿ, ಫ್ಲೋಟಿನ ಬಟ್ಟಲು ಬರಿದು ಮಾಡಿ ಹೋಗಿರಿ.

ರೋಗ ತಿಳಿಯದೆ ಮದ್ದು ಕೊಡಬಾರದೆಂದು ಹಿರಿಯರು ಹೇಳುವುದು ಯಂತ್ರಕ್ಕೂ ಸಲ್ಲುತ್ತದೆ.