ಸಂಜೆ ಏಳರ ನಂತರದ ಬೀದಿ



  

ಕಳ್ಳರನ್ನು ಹಿಡಿಯುವುದು ಪೊಲೀಸರ ಪಾಲು, ರಸ್ತೆ ಮಾಡುವುದು ನಮ್ಮ ಪಾಲು ಎಂದುಕೊಂಡು ನಗರ ಯೋಜನೆಯ ನಮ್ಮ ವೃತ್ತಿಯವರು ಬಹಳ ಕಾಲ ಹಾಯಾಗಿದ್ದರು. ಆ ನೆಮ್ಮದಿಯನ್ನು 1961ರಲ್ಲಿ ಕೆಡಿಸಿದವರು ಜೇನ್ ಜೇಕಬ್ಸ್ ಎಂಬ ಪತ್ರಕರ್ತೆ. ಅವರು ನಗರ ಯೋಜನೆಯಲ್ಲಿ ಪದವಿ ಪಡೆದವರಲ್ಲ. ನ್ಯೂಯಾರ್ಕಿನಲ್ಲಿ ತಮ್ಮ ಮನೆಯಿದ್ದ ಹಡ್ಸನ್ ಸ್ಟ್ರೀಟನ್ನು ನೋಡಿ ನೋಡಿಯೇ, ಬೀದಿಯನ್ನು ಮೊದಲು ಕಾಯುವವರು ಅಂಗಡಿಯವರು, ಕಿಟಕಿಯಲ್ಲಿ ನಿಂತವರು, ಸುಮ್ಮನೆ ಹಾದುಹೋಗುವವರು; ಪೊಲೀಸರ ಸರದಿ ಆಮೇಲೆ ಎಂದರು. ಜಗಲಿಯಲ್ಲಿ ಎಲೆಅಡಿಕೆ ಮೆಲ್ಲುತ್ತ ಕೂತ ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಜಗಲಿಯನ್ನು ಅತಿಯಾಗಿ ಹೊಗಳುವುದೂ ಬೇಡ. ಹಾಗೆ ಕಾಯುವ ಕಣ್ಣುಗಳ ಕಾಟಕ್ಕೇ ಊರು ಬಿಟ್ಟ ಹೆಣ್ಣುಮಕ್ಕಳಿದ್ದಾರೆ.

ಆದರೆ ಯಾರೂ ಕಾಯದ ಜಾಗ ಏನಾಗುತ್ತದೆ ನೋಡಿ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1950ರ ದಶಕದ ಮಧ್ಯದಲ್ಲಿ ಬಡವರಿಗೆಂದು ಪ್ರೂಯಿಟ್-ಐಗೋ ಎಂಬ ವಸತಿ ಸಂಕೀರ್ಣ ಎದ್ದಿತು. 33 ಕಟ್ಟಡ, ಒಂದೊಂದೂ 11 ಮಹಡಿ. ಲಿಫ್ಟು ಎಲ್ಲ ಮಹಡಿಗಳಲ್ಲೂ ನಿಲ್ಲುತ್ತಿರಲಿಲ್ಲ. ಒಂದು ಕಡೆ ಇಳಿದು ಮಿಕ್ಕ ದಾರಿಗೆ ಮೆಟ್ಟಿಲು ಹಿಡಿಯಬೇಕಿತ್ತು. ಆ ಮೆಟ್ಟಿಲು, ಉದ್ದನೆಯ ಕಾರಿಡಾರು, ಕಟ್ಟಡಗಳ ನಡುವಿನ ಬಯಲು ಎಲ್ಲರಿಗೂ ಸೇರಿದ್ದವು, ಹಾಗಾಗಿ ಯಾರೂ ಅವನ್ನು ತಮ್ಮದೆಂದುಕೊಳ್ಳಲಿಲ್ಲ. ದರೋಡೆ, ಹಲ್ಲೆ ಅಲ್ಲೇ ಬೇರೂರಿದವು. 1972ರಲ್ಲಿ ಸ್ಫೋಟಕ ಇಟ್ಟು ಕೆಡವತೊಡಗಿದರು. ರಸ್ತೆಯಾಚೆಯ ಕಾರ್ ಸ್ಕ್ವೇರ್ ವಿಲೇಜ್‌ನ ತಗ್ಗು ಮನೆಗಳಲ್ಲಿ ಅಂಥದೇ ಬಡವರು ನೆಮ್ಮದಿಯಾಗಿದ್ದುದನ್ನು ಆಸ್ಕರ್ ನ್ಯೂಮನ್ ಎಂಬ ವಾಸ್ತುಶಿಲ್ಪಿ ಅದೇ ವರ್ಷ ತಮ್ಮ ಪುಸ್ತಕದಲ್ಲಿ ಎತ್ತಿ ತೋರಿಸಿದರು.

ಹಾಗೆಂದು ಎಲ್ಲ ಪಾಪವನ್ನೂ ನಕ್ಷೆಯ ಕೊರಳಿಗೆ ಕಟ್ಟುವವರ ಜೊತೆ ನಾನಿಲ್ಲ. ಅಲ್ಲಿನ ನಿರ್ವಹಣೆ ನಡೆಯಬೇಕಿದ್ದುದು ಬಾಡಿಗೆಯ ಹಣದಿಂದ. ಊರಿನ ಜನಸಂಖ್ಯೆ ಇಳಿಯಿತು, ಮನೆಗಳು ಖಾಲಿಯಾದವು, ಕೆಟ್ಟ ಲಿಫ್ಟು ಕೆಟ್ಟೇ ಉಳಿಯಿತು. ನಮ್ಮ ಅಂದಾಜುಪಟ್ಟಿಗಳಲ್ಲಿ ಕಟ್ಟುವುದಕ್ಕೆ ಕೋಟಿ, ನೋಡಿಕೊಳ್ಳುವುದಕ್ಕೆ ಚಿಲ್ಲರೆ ಇರುವುದನ್ನು ಕಂಡಾಗಲೆಲ್ಲ ಆ ಲಿಫ್ಟು ನೆನಪಾಗುತ್ತದೆ.

ಈಗ ನಮ್ಮ ಬೀದಿಗೆ ಬನ್ನಿ. ಬೆಂಗಳೂರು 1905ರಲ್ಲೇ ವಿದ್ಯುತ್ ಬೀದಿದೀಪ ಕಂಡ ಊರು. ಆದರೂ ಮಲ್ಲೇಶ್ವರ, ಜಯನಗರದಂಥ ಮರಗಳ ಬಡಾವಣೆಗಳಲ್ಲಿ ರಾತ್ರಿ ನಡೆದು ನೋಡಿ. ದೀಪವನ್ನು ವಾಹನಗಳಿಗೆಂದು ಎತ್ತರದಲ್ಲಿ ನಿಲ್ಲಿಸಿದ್ದೇವೆ. ಬೆಳಕು ಎಲೆಗಳ ಮೇಲೆ ಬೀಳುತ್ತದೆ, ಫುಟ್‌ಪಾತು ಕತ್ತಲಲ್ಲಿರುತ್ತದೆ. ದೂರು ಬಂದರೆ ಕೊಂಬೆ ಕಡಿಯುತ್ತೇವೆ. ಅದೇ ಕಂಬದಲ್ಲಿ ಕೆಳಮಟ್ಟಕ್ಕೆ, ನಡೆಯುವವರ ಕಡೆಗೆ ಇನ್ನೊಂದು ದೀಪ ಹಾಕಿದರೆ ಮರವೂ ಉಳಿಯುತ್ತದೆ, ಎದುರು ಬರುವವರ ಮುಖವೂ ಕಾಣುತ್ತದೆ. ಕಣ್ಣು ಕುಕ್ಕುವ ಒಂದೇ ದೀಪಕ್ಕಿಂತ ಸಮನಾಗಿ ಹರಡಿದ ಮಂದ ಬೆಳಕು ಮೇಲು. ಪ್ರಖರ ಬೆಳಕಿನ ಪಕ್ಕದ ನೆರಳು ಇನ್ನಷ್ಟು ಕಪ್ಪು.

ಬಸ್ ತಂಗುದಾಣದ ಮೂರು ಬದಿಗೂ ಜಾಹೀರಾತು ಹಲಗೆ ಜಡಿದು, ಒಳಗೆ ಕೂತ ಹುಡುಗಿ ಬೀದಿಗೆ ಕಾಣದಂತೆ ಮಾಡುತ್ತೇವೆ. ರಸ್ತೆ ದಾಟಲು ಒಂದು ಸಿಗ್ನಲ್ ಕೊಡುವ ಬದಲು ಸಬ್‌ವೇಗೆ ಇಳಿಸುತ್ತೇವೆ; ಕತ್ತಲಾದ ಮೇಲೆ ಅದರೊಳಗೆ ಇಳಿಯುವುದಕ್ಕಿಂತ ವಾಹನಗಳ ನಡುವೆ ನುಗ್ಗುವುದೇ ವಾಸಿ ಎನ್ನುತ್ತಾರೆ ಹೆಂಗಸರು. ಆಮೇಲೆ ಜನರಿಗೆ ಶಿಸ್ತಿಲ್ಲ ಎಂದು ನಾವೇ ಬೈಯುತ್ತೇವೆ.

ಇನ್ನು ಬೀದಿ ವ್ಯಾಪಾರಿಗಳು. ರಾತ್ರಿ ಒಂಬತ್ತರವರೆಗೂ ಮೂಲೆಯಲ್ಲಿ ಕೂರುವ ಹೂವಿನವಳು, ಗಾಡಿಯಲ್ಲಿ ದೋಸೆ ಹೊಯ್ಯುವವನು ಯಾವ ಇಲಾಖೆಯಿಂದಲೂ ಸಂಬಳ ಪಡೆಯದೆ ಬೀದಿ ಕಾಯುತ್ತಾರೆ. ಅವರನ್ನು ಎಬ್ಬಿಸಿ ಫುಟ್‌ಪಾತು ಸ್ವಚ್ಛವಾಯಿತೆಂದು ಫೋಟೊ ತೆಗೆಸಿಕೊಳ್ಳುತ್ತೇವೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು ಎನ್ನುತ್ತದೆ. ಆ ಸಮಿತಿಯನ್ನು ಕೇಳಿ ರಸ್ತೆ ವಿನ್ಯಾಸ ಮಾಡಿದವರು ಈ ಸಭೆಯಲ್ಲಿ ಎಷ್ಟು ಜನ? ಕೈ ಎತ್ತಿಸುವುದಿಲ್ಲ.

ಕ್ಯಾಮೆರಾದ ಬಗ್ಗೆ ಒಂದು ಮಾತು. ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಲ್ಲಿ ಬೆಂಗಳೂರು ಸೇರಿ ಎಂಟು ಮಹಾನಗರಗಳಿವೆ, ಕ್ಯಾಮೆರಾಗಳು ಬಂದಿವೆ. ಬೇಡವೆನ್ನುವುದಿಲ್ಲ, ತನಿಖೆಗೆ ಅವು ಬೇಕು. ಆದರೆ ಹಿಂದೆ ಬೀಳುವವನನ್ನು ಕಂಡು ಹುಡುಗಿ ಓಡಿಹೋಗಿ ನಿಲ್ಲುವುದು ತೆರೆದ ಮೆಡಿಕಲ್ ಶಾಪಿನ ಮುಂದೆ, ಕ್ಯಾಮೆರಾದ ಕೆಳಗಲ್ಲ.

ಹಣವಿಲ್ಲ ಎನ್ನುವವರಿಗೆ ವಿಯೆನ್ನಾದ ಉದಾಹರಣೆ. ಒಂಬತ್ತು ವರ್ಷ ದಾಟಿದ ಹುಡುಗಿಯರು ಪಾರ್ಕುಗಳಿಗೆ ಬರುವುದನ್ನು ಬಿಡುತ್ತಿದ್ದುದು 1990ರ ದಶಕದಲ್ಲಿ ಅಲ್ಲಿನ ಆಡಳಿತದ ಗಮನಕ್ಕೆ ಬಂತು. ಐನ್‌ಸೀಡ್ಲರ್ ಪಾರ್ಕಿನಲ್ಲಿ ಇನ್ನಷ್ಟು ಕಾಲುದಾರಿ ಮಾಡಿ, ದೊಡ್ಡ ಬಯಲನ್ನು ಚಿಕ್ಕ ಚಿಕ್ಕ ಜಾಗಗಳಾಗಿ ಒಡೆದರು. ಹುಡುಗಿಯರು ಮರಳಿದರು. ನಮ್ಮಲ್ಲಿ ಪಾರ್ಕು ಸುರಕ್ಷಿತವಾಗಲೆಂದು ಗೇಟಿಗೆ ಬೀಗ ಹಾಕುತ್ತೇವೆ.

ಈ ಸಭೆಯ ಮಧ್ಯಾಹ್ನದ ಗೋಷ್ಠಿಯಲ್ಲಿ ಒಂದು ಗೊತ್ತುವಳಿ ಮಂಡಿಸಲಿದ್ದೇನೆ. ಯಾವುದೇ ರಸ್ತೆ, ಪಾರ್ಕು, ತಂಗುದಾಣದ ನಕ್ಷೆಗೆ ಸಹಿ ಬೀಳುವ ಮೊದಲು, ಅದನ್ನು ಬರೆದವರು ಸ್ಥಳೀಯ ಮಹಿಳೆಯರು, ವ್ಯಾಪಾರಿಗಳು, ಬೀಟ್ ಪೊಲೀಸರ ಜೊತೆ ಸಂಜೆ ಏಳರ ನಂತರ ಆ ಜಾಗದಲ್ಲಿ ನಡೆದು ಬಂದಿರಬೇಕು; ಕಂಡದ್ದನ್ನು ಕಡತದಲ್ಲಿ ಬರೆದಿರಬೇಕು. ಕಾಮಗಾರಿ ಮುಗಿದು ವರ್ಷವಾದ ನಂತರ ಅದೇ ಜನ ಮತ್ತೆ ನಡೆಯಬೇಕು. ಇದಕ್ಕೆ ಟೆಂಡರ್ ಬೇಡ, ಸಾಲ ಬೇಡ, ಸರ್ಕಾರಿ ಆದೇಶಕ್ಕೆ ಕಾಯಬೇಕಿಲ್ಲ. ನೀವೆಲ್ಲರೂ ಇದನ್ನು ಅಂಗೀಕರಿಸಬೇಕು, ನಿಮ್ಮ ನಿಮ್ಮ ಊರಿಗೆ ಮರಳಿದ ವಾರವೇ ಆರಂಭಿಸಬೇಕು ಎಂದು ಕೋರುತ್ತೇನೆ.