ಎಣ್ಣೆಯಲ್ಲಿ ನೀರು
(ಅಣ್ಣಾ ನಗರ್‌ನ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)

ಹೋಟೆಲುಗಳಲ್ಲಿಯೂ ಗಿರಣಿಗಳಲ್ಲಿಯೂ ದುಡಿಯುವ ಕನ್ನಡ ಬಂಧುಗಳೇ,

ಈ ಅಣ್ಣಾ ನಗರ್‌ನ ಉದ್ಯಾನದಲ್ಲಿರುವ ಗೋಪುರವನ್ನು ನೀವೆಲ್ಲರೂ ನೋಡಿದ್ದೀರಿ. 1968ರ ವಾಣಿಜ್ಯ ಮೇಳಕ್ಕಾಗಿ ಕಟ್ಟಿದ ಆ ಗೋಪುರಕ್ಕೆ ನಮ್ಮ ವಿಶ್ವೇಶ್ವರಯ್ಯನವರ ಹೆಸರಿದೆ. ಒಬ್ಬ ಇಂಜಿನಿಯರರ ಹೆಸರು ಹೊತ್ತ ಗೋಪುರದ ಹತ್ತಿರ ಸೇರಿರುವ ನಾವು ಯಂತ್ರದ ವಿಷಯವಾಗಿ ನಾಲ್ಕು ಮಾತನಾಡಿದರೆ ತಪ್ಪಾಗಲಾರದು.

ನಾನು ಹೇಳಹೊರಟಿರುವುದು ಯಂತ್ರದ ಎಣ್ಣೆಗೆ ನೀರು ಸೇರುವ ಸಂಗತಿ. ನೋಡಲು ಸಣ್ಣದು. ಆದರೆ ಇದರಿಂದ ಸಂಬಳ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ.

ಹಿಂದೆ ಒಂದು ಹೋಟೆಲಿಗೆ ರಿಪೇರಿಗೆ ಹೋಗಿದ್ದೆ. ಬೆಳಗಿನ ಜಾವ ಹಿಟ್ಟು ರುಬ್ಬುವ ಯಂತ್ರ ನಿಂತುಹೋಗಿತ್ತು. ಗೇರಿನ ಹಲ್ಲು ಮುರಿದಿತ್ತು. ರುಬ್ಬುವ ಹುಡುಗನದೇ ತಪ್ಪೆಂದು ಮಾಲೀಕರು ಅವನ ಸಂಬಳದಲ್ಲಿ ಹಣ ಹಿಡಿದಿದ್ದರು. ಗೇರ್ ಪೆಟ್ಟಿಗೆಯ ಕೆಳಗಿನ ಬಿರಡೆ ಬಿಚ್ಚಿದೆ. ಮೊದಲು ತುಕ್ಕಿನ ನೀರು ಬಂತು, ಆಮೇಲೆ ಮಜ್ಜಿಗೆಯಂತೆ ಬೆಳ್ಳಗಾದ ಎಣ್ಣೆ. ಪ್ರತಿ ರಾತ್ರಿ ಪೈಪು ಹಿಡಿದು ಯಂತ್ರ ತೊಳೆಯಬೇಕೆಂಬುದು ಮಾಲೀಕರದೇ ಅಪ್ಪಣೆ. ಸೀಲು ಸವೆದದ್ದನ್ನು ಯಾರೂ ನೋಡಿರಲಿಲ್ಲ. ಆ ಎಣ್ಣೆಯನ್ನು ಸೀಸೆಯಲ್ಲಿ ಹಿಡಿದು ಅವರ ಮುಂದಿಟ್ಟೆ. ಹಿಡಿದ ಹಣದಲ್ಲಿ ಅರ್ಧ ಮಾತ್ರ ಹಿಂದೆ ಬಂತು. ಹುಡುಗನ ಕೈಯಲ್ಲಿ ಒಂದು ಚೀಟಿಯಾದರೂ ಇದ್ದಿದ್ದರೆ ಪೂರ್ತಿ ಬರುತ್ತಿತ್ತು.

ನೀರು ಮಾಡುವ ಕೇಡೇನು? ಗೇರಿನ ಎರಡು ಹಲ್ಲುಗಳ ನಡುವೆ ಎಣ್ಣೆ ತೆಳುವಾದ ಪೊರೆಯಾಗಿ ನಿಂತು ಭಾರ ಹೊರುತ್ತದೆ. ನೀರಿಗೆ ಆ ಶಕ್ತಿಯಿಲ್ಲ. ಪೊರೆ ಹರಿದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ. ತುಕ್ಕು ಹಿಡಿಯುತ್ತದೆ, ಎಣ್ಣೆ ಬೇಗ ಹಳಸಿ ಹುಳಿಯಾಗಿ ಜಿಡ್ಡುಗಟ್ಟುತ್ತದೆ. 1977ರಲ್ಲಿ ಪ್ರಕಟವಾದ ಕ್ಯಾಂಟ್ಲಿ ಎಂಬವರ ಪರೀಕ್ಷೆಯ ಪ್ರಕಾರ, ಎಣ್ಣೆಯ ಹತ್ತು ಲಕ್ಷ ಭಾಗದಲ್ಲಿ ನೀರು 100 ಭಾಗದಿಂದ 400 ಭಾಗಕ್ಕೆ ಏರಿದರೆ ಬೇರಿಂಗಿನ ಆಯುಸ್ಸು ಅರ್ಧಕ್ಕಿಂತ ಕಡಿಮೆಯಾಗುತ್ತದೆ. ನಾನೂರು ಭಾಗವೆಂದರೆ ಹತ್ತು ಲೀಟರ್ ಎಣ್ಣೆಗೆ ಒಂದು ಸಣ್ಣ ಚಮಚದಷ್ಟು ನೀರೂ ಅಲ್ಲ!

ನೀರು ಬರುವ ದಾರಿಗಳು ಹಲವು. ಹೋಟೆಲಿನಲ್ಲಿ ತೊಳೆಯುವ ಪೈಪು. ಗಿರಣಿಯಲ್ಲಿ ಗಾಳಿಯ ತೇವ. ನೂಲು ಹರಿಯದಿರಲೆಂದು ನೇಯ್ಗೆಯ ಶೆಡ್ಡಿನಲ್ಲಿ ನಾವೇ ತೇವ ತುಂಬುತ್ತೇವಲ್ಲ! ಯಂತ್ರ ನಿಂತು ತಣ್ಣಗಾದಾಗ ಆ ತೇವ ಒಳಗೆ ಹನಿಗಟ್ಟುತ್ತದೆ. ಮಳೆಯಲ್ಲಿ ನೆಟ್ಟಗೆ ನಿಲ್ಲಿಸಿದ ಎಣ್ಣೆಯ ಪೀಪಾಯಿಯೂ ತಲೆಯ ಮೇಲೆ ನಿಂತ ನೀರನ್ನು ಬಿರಡೆಯ ಸಂದಿನಿಂದ ಒಳಗೆ ಎಳೆದುಕೊಳ್ಳುತ್ತದೆ. ಇನ್ನು ಪ್ರವಾಹದ ಮಾತು ಬೇರೆ. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ನಮ್ಮ ಪಕ್ಕದ ಅಂಬತ್ತೂರು ಕೈಗಾರಿಕಾ ವಸಾಹತುವಿಗೇ ನೀರು ನುಗ್ಗಿತು. ನೀರು ಹೊಕ್ಕ ಯಂತ್ರವನ್ನು ಎಣ್ಣೆ ಬದಲಿಸದೆ ಓಡಿಸಲೇಬಾರದು.

ಪತ್ತೆ ಮಾಡುವುದು ಹೇಗೆ? ಪ್ರಯೋಗಶಾಲೆಯಲ್ಲಿ ಜರ್ಮನಿಯ ಕಾರ್ಲ್ ಫಿಷರ್ 1935ರಲ್ಲಿ ಪ್ರಕಟಿಸಿದ ರಾಸಾಯನಿಕ ವಿಧಾನವಿದೆ. ಅತಿ ಸ್ವಲ್ಪ ನೀರನ್ನೂ ಅದು ಅಳೆಯುತ್ತದೆ. ನಮಗೆ ಸೀಸೆಯೊಂದೇ ಸಾಕು. ರಾತ್ರಿಯೆಲ್ಲ ನಿಂತ ಯಂತ್ರದ ಮೇನ್ ಸ್ವಿಚ್ ಆರಿಸಿ, ಓಡಿಸುವ ಮೊದಲೇ ಕೆಳಗಿನ ಬಿರಡೆಯಿಂದ ಸ್ವಲ್ಪ ಎಣ್ಣೆ ಹಿಡಿಯಿರಿ. ನೀರು ಎಣ್ಣೆಗಿಂತ ಭಾರ. ಸೀಸೆಯ ತಳದಲ್ಲಿ ನಿಲ್ಲುತ್ತದೆ. ತಳದಲ್ಲಿ ನಿಲ್ಲದೆ ಎಣ್ಣೆ ಮಸುಕಾಗಿದ್ದರೆ ಬೆರೆತ ನೀರೋ ಗಾಳಿಯೋ ಇರಬಹುದು. ಮೆಕ್ಯಾನಿಕ್ ಬಂದಾಗ ಕಾದ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ನೋಡಲಿ. ಒಗ್ಗರಣೆಯಂತೆ ಚಟಪಟಗುಟ್ಟಿದರೆ ನೀರೇ ಸರಿ. ಹನಿ ಕಣ್ಣಿಗೆ ಸಿಡಿಯುತ್ತದೆ. ಕನ್ನಡಕವಿಲ್ಲದೆ ಯಾರೂ ಮಾಡಬೇಡಿ. ಆದರೆ ನೆನಪಿಡಿ, ಎಣ್ಣೆಯಲ್ಲಿ ಕರಗಿದ ನೀರು ಕಣ್ಣಿಗೂ ಕಾಣದು, ಚಟಪಟವೂ ಎನ್ನದು. ದೊಡ್ಡ ಯಂತ್ರದ ಎಣ್ಣೆಯನ್ನು ಪ್ರಯೋಗಶಾಲೆಗೆ ಕಳಿಸಲೇಬೇಕು. ಅಡಿಗೆಮನೆಯವರಿಗೆ ಇನ್ನೊಂದು ಮಾತು: ಈ ಎಣ್ಣೆ ಹಿಡಿದ ಸೀಸೆ, ಲೋಟ ಮತ್ತೆ ಅಡಿಗೆಗೆ ಹೋಗಬಾರದು. ನೀರು ಒಳಗೆ ಹೋಗುವ ಸೀಲಿನಿಂದ ಎಣ್ಣೆ ಹೊರಗೂ ಬಂದೀತು, ಹಿಟ್ಟಿಗೂ ಬಿದ್ದೀತು.

ಕಡೆಯದಾಗಿ, ಬರೆದಿಡಿ. ನಾಲ್ಕಾಣೆಯ ಪುಸ್ತಕ ಎನ್ನುತ್ತಿದ್ದೆವು ಆಗ. ಇಂದಿಗೂ ದೊಡ್ಡ ಖರ್ಚೇನಲ್ಲ. ತಾರೀಖು, ಎಣ್ಣೆಯ ಬಣ್ಣ, ನೀರು ಕಂಡಿತೋ ಇಲ್ಲವೋ, ಯಾರಿಗೆ ತಿಳಿಸಿದೆವು, ಇಷ್ಟೇ ಸಾಕು. ಕಾರ್ಮಿಕನಿಗೆ ತನ್ನ ಮಾತು ಹೇಳಲು ಅವಕಾಶ ಕೊಡದೆ ನಷ್ಟಕ್ಕೆಂದು ಸಂಬಳ ಹಿಡಿಯಬಾರದೆಂದು 1936ರ ವೇತನ ಪಾವತಿ ಕಾನೂನು ಹೇಳಿತ್ತು. 2019ರ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಅವಕಾಶ ಸಿಕ್ಕಿದಾಗ ಹೇಳಲು ಕೈಯಲ್ಲಿ ಏನಾದರೂ ಬೇಕಲ್ಲ!

ಇದೇ ಊರಿನಲ್ಲಿ 1918ರಲ್ಲಿ ಗಿರಣಿ ಕಾರ್ಮಿಕರು ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿ, ಒಟ್ಟಾಗಿ ಮಾತನಾಡುವುದನ್ನು ನಮಗೆ ಕಲಿಸಿಕೊಟ್ಟರು. ಆ ಮಾತಿಗೆ ಸಾಕ್ಷಿ ಒದಗಿಸುವುದು ನಮ್ಮ ಕೆಲಸ. ನಾಳೆ ಬೆಳಿಗ್ಗೆ ಯಂತ್ರದ ಗುಂಡಿ ಒತ್ತುವ ಮೊದಲು ಆ ಬಿರಡೆಯ ಕಡೆ ಒಮ್ಮೆ ಬಗ್ಗಿ ನೋಡಿ ಎಂದು ಬೇಡಿಕೊಂಡು, ನನ್ನ ಮಾತನ್ನು ಮುಗಿಸುತ್ತೇನೆ.